ನನ್ನ ಮೈದುನನ ಅರವತ್ತು ಜನ

ನನ್ನ ಮೈದುನ ನಿನಿಯನ್ ಲಯಲ್ ಹದಿನೇಳನೆಯ ವಯಸ್ಸಿನಲ್ಲಿ ಮಾಂಟ್ರೋಸ್ ಬಂದರಿನಲ್ಲಿ ಹಡಗು ಹತ್ತಿದಾಗ ಅವನ ಬಳಿ ಇದ್ದದ್ದು ಅಣ್ಣನ ಹಳೆಯ ಕತ್ತಿ, ಎರಡು ಜೊತೆ ಉಣ್ಣೆಯ ಕಾಲುಚೀಲ, ಒಂದು ಚೀಲ ಓಟ್ ಹಿಟ್ಟು. ಕಿರಿಯ ಮಗ. ಜಮೀನು ಅಣ್ಣನದು, ಅಂದರೆ ನನ್ನ ಗಂಡನದು. ನಮ್ಮ ಕಡೆ ಕಿರಿಯ ಮಕ್ಕಳಿಗೆ ಸಮುದ್ರದಾಚೆಯ ರಾಜರೇ ಜಮೀನು. ಮೊದಲು ಡೆನ್ಮಾರ್ಕಿನ ರಾಜನಿಗಾಗಿ ಭರ್ಜಿ ಹೊತ್ತ, ಆಮೇಲೆ ಸ್ವೀಡನ್ನಿನ ರಾಜನಿಗಾಗಿ ಬಾವುಟ ಹೊತ್ತ, ಲೆಫ್ಟಿನೆಂಟ್ ಆದ, ಕೊನೆಗೆ ಕ್ಯಾಪ್ಟನ್ ಆದ. ಶೌರ್ಯದಿಂದ ಮೇಲೇರಿದ ಎಂದು ಊರಿನವರು ಹೊಗಳಿದರೆ ಅವನೇ ನಗುತ್ತಿದ್ದ.

"ಶೌರ್ಯವೂ ಇಲ್ಲ, ಮಣ್ಣೂ ಇಲ್ಲ ಅತ್ತಿಗೆ. ನನ್ನ ಮೇಲಿದ್ದೋರೆಲ್ಲಾ ಸತ್ತರು. ನಾನು ಸಾಯೋದು ಮರೆತೆ, ಅಷ್ಟೇ."

ಕ್ಯಾಪ್ಟನ್ ಆದ ವರ್ಷ ಊರಿಗೆ ಬಂದು ಚರ್ಚಿನ ಅಂಗಳದಲ್ಲಿ ಡೋಲು ಹೊಡೆಸಿದ. ನಮ್ಮ ಹಳ್ಳಿ ಕಿನ್‌ಡ್ರಮ್ಮಿನಿಂದಲೂ ಅಕ್ಕಪಕ್ಕದ ಎರಡು ಹಳ್ಳಿಗಳಿಂದಲೂ ಅರವತ್ತು ಜನ ಅವನ ಹಿಂದೆ ಜರ್ಮನಿಯ ಯುದ್ಧಕ್ಕೆ ಹೊರಟರು. ಎಲ್ಲರಿಗಿಂತ ಮೊದಲು ಹೆಸರು ಕೊಟ್ಟವನು ನನ್ನ ಮಗ ಹ್ಯೂ. ಆಗ ಅವನಿಗೆ ಹದಿನೆಂಟು. ನಾನು ಬೇಡ ಎಂದೆ, ಅವನಪ್ಪ ಹೋಗಲಿ ಎಂದರು. ನಮ್ಮ ಮನೆಯಲ್ಲಿ ಯಾರ ಮಾತು ನಡೆಯುತ್ತಿತ್ತು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆರು ವರ್ಷದ ಮೇಲೆ ನಿನಿಯನ್ ಒಬ್ಬನೇ ಬಂದ. ಅಷ್ಟರಲ್ಲಿ ನನ್ನ ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು. ನಾನು ಹಳ್ಳದಲ್ಲಿ ಉಣ್ಣೆ ತೊಳೆಯುತ್ತಿದ್ದೆ. ಬೆಳಗಿನ ಮಂಜಿನೊಳಗಿಂದ ಒಬ್ಬ ಮನುಷ್ಯ ಕುಂಟುತ್ತ ಇಳಿದು ಬಂದ. ಬಂದವನು ಮನುಷ್ಯನೋ ಮಂಜೋ ಎಂದು ಒಂದು ಕ್ಷಣ ತಿಳಿಯಲಿಲ್ಲ. ಅವನು ಟೋಪಿ ತೆಗೆದು ಬಾಯಿ ತೆರೆದ. ನಾನು ಒದ್ದೆ ಕೈ ಎತ್ತಿ ತಡೆದೆ.

"ಹೇಳಬೇಡ. ನಾನಾಗಿ ಕೇಳೋವರೆಗೂ ಹ್ಯೂ ವಿಷಯ ಒಂದಕ್ಷರ ಆಡಬೇಡ. ಗೊತ್ತಾಯ್ತಾ?"

"ಆಗಲಿ ಅತ್ತಿಗೆ," ಎಂದ. ಇಪ್ಪತ್ತು ವರ್ಷ ಆಜ್ಞೆ ಪಾಲಿಸಿದವನು, ಇದನ್ನೂ ಪಾಲಿಸಿದ.

ನನ್ನನ್ನು ಕಲ್ಲುಹೃದಯದವಳು ಎನ್ನಬೇಡಿ. ನಮ್ಮ ಚರ್ಚಿನಲ್ಲಿ ಸತ್ತವರಿಗಾಗಿ ಪ್ರಾರ್ಥಿಸುವಂತಿಲ್ಲ. ಅದು ರೋಮಿನವರ ಚಾಳಿ, ಪಾಪ. ಬದುಕಿದ್ದವರ ಹೆಸರನ್ನು ಮಾತ್ರ ದೇವರ ಮುಂದೆ ಇಡಬಹುದು. ದಿನವೂ ಸಂಜೆ ಮನೆಯ ಪ್ರಾರ್ಥನೆಯಲ್ಲಿ ನಾನು ಹ್ಯೂನ ಹೆಸರು ಹೇಳುತ್ತಿದ್ದೆ. ಒಣ ಕಾಲುಚೀಲ ಕೊಡು, ಬಿಸಿ ಗಂಜಿ ಕೊಡು, ಜ್ವರದಿಂದ ಕಾಪಾಡು ಎಂದು ಕೇಳುತ್ತಿದ್ದೆ. ಸತ್ತ ಎಂದು ನನ್ನ ಕಿವಿಗೆ ಬಿದ್ದರೆ ಆ ಹೆಸರು ನನ್ನ ಬಾಯಿಂದಲೂ ಹೋಯಿತು. ಇಷ್ಟಕ್ಕೂ ಆಸೆಗೆ ಜಾಗವಿತ್ತು. ಮೂರನೆಯ ವರ್ಷ ಒಂದು ದೊಡ್ಡ ಸೋಲಾಗಿ, ಅದರ ನಂತರ ಏಳೆಂಟು ಜನ ಬೇರೆ ದಳಗಳಿಗೆ ಚದುರಿ ಹೋದರೆಂದೂ ಅವರ ಸುದ್ದಿ ತನಗೆ ಗೊತ್ತಿಲ್ಲವೆಂದೂ ನಿನಿಯನ್ ಊರಿನವರ ಮುಂದೆ ಹೇಳಿದ್ದ. ಆ ಏಳೆಂಟರಲ್ಲಿ ಒಬ್ಬ ನನ್ನವನಾಗಿರಬಾರದೇಕೆ? ಕೇಳದಿರುವಷ್ಟು ದಿನ ಅವನು ಇದ್ದ.

ನಾನು ಕೇಳಲಿಲ್ಲ, ಆದರೆ ಉಳಿದ ಹೆಂಗಸರು ಕೇಳಿದರು. ಅವರಿಗೆ ಬೇರೆ ದಾರಿ ಇರಲಿಲ್ಲ. ಗಂಡ ಸತ್ತದ್ದನ್ನು ಕಣ್ಣಾರೆ ಕಂಡವರೊಬ್ಬರು ಚರ್ಚಿನ ಹಿರಿಯರ ಸಭೆಯಲ್ಲಿ ಪ್ರಮಾಣ ಮಾಡಿ ಹೇಳದೆ ಯಾವ ಹೆಂಗಸೂ ಮರುಮದುವೆಯಾಗುವಂತಿಲ್ಲ. ಜರ್ಮನಿಯ ಕೆಸರಿನಲ್ಲಿ ಬಿದ್ದವನಿಗೆ ಎಲ್ಲಿಂದ ಸಾಕ್ಷಿ ತರುವುದು? ಇದ್ದವನು ನಿನಿಯನ್ ಒಬ್ಬನೇ. ಮೂರು ಹಳ್ಳಿಯ ಹೆಂಗಸರು ಬೆಟ್ಟ ಹತ್ತಿ ನಮ್ಮ ಬಾಗಿಲಿಗೆ ಬರತೊಡಗಿದರು. ಒಬ್ಬಳ ಕೈಯಲ್ಲಿ ಕುರಿಹಾಲಿನ ಗಿಣ್ಣು, ಒಬ್ಬಳ ಕೈಯಲ್ಲಿ ಕೋಳಿ, ಒಬ್ಬಳು ಏನೂ ಇಲ್ಲದೆ ಬಂದು ನನ್ನ ಎಲೆಕೋಸಿನ ಸಾರನ್ನೇ ಕುಡಿದು ಹೋದಳು.

ಅವನು ನೆನಪು ತೆಗೆಯುತ್ತಿದ್ದ ರೀತಿಯೇ ವಿಚಿತ್ರ. ಹೊಸ್ತಿಲ ಕಲ್ಲಿನ ಮೇಲೆ ಕೂತು ಕಣ್ಣು ಮುಚ್ಚುತ್ತಿದ್ದ. ಹತ್ತು ಸಾಲು, ಸಾಲಿಗೆ ಆರು ಜನ. ಮೊದಲ ದಿನ ಇದೇ ಚರ್ಚಿನ ಅಂಗಳದಲ್ಲಿ ನಿಲ್ಲಿಸಿದ್ದನಲ್ಲ, ಅದೇ ಕ್ರಮದಲ್ಲಿ ಅವರು ಅವನ ತಲೆಯೊಳಗೆ ಇನ್ನೂ ನಿಂತಿದ್ದರು. ಅವನು ಬಲಗಡೆಯಿಂದ ಶುರು ಮಾಡಿ ಸಾಲಿನ ಮಧ್ಯೆ ನಡೆಯುತ್ತಿದ್ದ. ಹೊಸ್ತಿಲ ಮೇಲೆ ಕೂತಿದ್ದರೂ ಅವನ ಬೂಟು ಸಣ್ಣಗೆ ಹೆಜ್ಜೆ ಹಾಕುವುದು ಕಾಣುತ್ತಿತ್ತು. ಬೇಕಾದವನ ಜಾಗ ಬಂದೊಡನೆ ಬೂಟು ನಿಲ್ಲುತ್ತಿತ್ತು.

"ಸಿಕ್ಕಿದ. ಏಳನೇ ಸಾಲು, ಎರಡನೆಯವನು. ಮಲಗಿದ್ದಾನೆ. ಕೊಟ್ಟಿಗೆ ಗೋಡೆ ಪಕ್ಕ, ಜ್ವರ ಬಂದು. ಎರಡು ದಿನ ನರಳಿದ, ಮೂರನೇ ದಿನ ನೀರು ಕೇಳಿದ. ನಾನೇ ಕುಡಿಸಿದೆ ಕಣಮ್ಮ."

ಸತ್ತವರು ಮಲಗಿರುತ್ತಿದ್ದರು, ಕೊನೆಯ ಬಾರಿ ಹೇಗೆ ಕಂಡಿದ್ದರೋ ಹಾಗೆಯೇ. ಚದುರಿ ಹೋದವರು ಬೆನ್ನು ತೋರಿಸಿ ನಿಂತಿರುತ್ತಿದ್ದರು. ಅಂಥವರ ಹೆಂಡಿರಿಗೆ "ನಾನು ನೋಡಿಲ್ಲ ತಾಯಿ, ಹೇಳಲಾರೆ" ಎನ್ನುತ್ತಿದ್ದ. ಅವರು ಅತ್ತರೂ ಬೈದರೂ ಅಷ್ಟೇ. ಇಪ್ಪತ್ತಮೂರು ಹೆಂಗಸರು ಅವನ ಮಾತಿನ ಮೇಲೆ ಎರಡನೆಯ ಮದುವೆಯಾದರು. ಪಾದ್ರಿ ಡುರೀ ಯಾರನ್ನೂ ನಂಬುವ ಮನುಷ್ಯನಲ್ಲ, ಸ್ವಂತ ಹೆಂಡತಿ ಮಾಡಿದ ಗಂಜಿಯನ್ನೂ ಮೂಸಿ ಉಣ್ಣುವವನು, ಅವನೂ ನಿನಿಯನ್ನನಿಗೆ ಎರಡನೆಯ ಪ್ರಶ್ನೆ ಹಾಕುತ್ತಿರಲಿಲ್ಲ.

ಬೇರೆ ಯಾವುದಕ್ಕೂ ನನ್ನ ಮೈದುನ ಪ್ರಯೋಜನಕ್ಕೆ ಬರಲಿಲ್ಲ. ದೇಶದಲ್ಲಿ ಗದ್ದಲವೆದ್ದಾಗ ಜಮೀನುದಾರ ದೊರೆ ಅವನನ್ನು ಕರೆಸಿ, ನಮ್ಮ ಹೊಲದವರಿಗೆ ಕವಾಯತು ಕಲಿಸು ಎಂದ. ನಿನಿಯನ್ ಕ್ಯಾಪ್ಟನ್ನನ ಕೆಂಪು ನಡುಪಟ್ಟಿ ಕಟ್ಟಿಕೊಂಡು ಹೋದ. ಹೊಸಬರನ್ನು ಸಾಲಾಗಿ ನಿಲ್ಲಿಸಿ ಹಾಜರಿ ಕೂಗಿದ. ಕೂಗಿದ್ದು ಹಳೆಯ ಅರವತ್ತು ಹೆಸರನ್ನು. ಮೂರು ದಿನ ಹೀಗೇ ಆಯಿತು. ನಿಂತವರಲ್ಲಿ ಕೆಲವರು ಆ ಹೆಸರಿನವರ ಮಕ್ಕಳೇ. ಅವರ ಮೈ ಜುಮ್ಮೆಂದಿತು. ನಾಲ್ಕನೆಯ ದಿನ ದೊರೆ ಅವನಿಗೆ ಒಂದು ಲೋಟ ವೈನ್ ಕೊಟ್ಟು ಮನೆಗೆ ಕಳಿಸಿದ. ಅವನ ಸೇನಾ ಜೀವನ ಮುಗಿದದ್ದು ಹಾಗೆ.

ಅದಾದ ಮುಂದಿನ ಬೇಸಿಗೆಯಲ್ಲಿ ಬೆಥಿಯಾ ಬಂದಳು.

ಬೆಥಿಯಾಳ ಗಂಡ ಆಡಮ್ ಸೂಟರ್ ನೇಗಿಲು ಹೊಡೆಯುವವನು. ಮದುವೆಯಾದ ಐದನೆಯ ತಿಂಗಳಿಗೆ ಡೋಲಿನ ಹಿಂದೆ ಹೋಗಿದ್ದ. ಆಗ ಇವಳಿಗೆ ಹತ್ತೊಂಬತ್ತು, ಈಗ ಮೂವತ್ತೊಂದು. ಹೆಂಡತಿ ಸತ್ತ ಗಿರಣಿಯ ಆರ್ಚಿಗೂ ಇವಳಿಗೂ ಮನಸ್ಸು ಕೂಡಿತ್ತು. ಅವಳು ಬಂದಾಗ ನಾನು ಹುಲ್ಲಿನ ಮೇಲೆ ನಾರುಬಟ್ಟೆ ಹರಡಿ ಬಿಸಿಲಿಗೆ ಬಿಳುಪು ಮಾಡುತ್ತಿದ್ದೆ. ಕೇಳದೆಯೇ ಇನ್ನೊಂದು ತುದಿ ಹಿಡಿದಳು. ನನಗೆ ಅವಳು ಹಿಡಿಸಿದ್ದೇ ಅದಕ್ಕೆ.

"ಕ್ಯಾಪ್ಟನ್ರೇ, ನನ್ನ ಆಡಮ್‌ನ ಸ್ವಲ್ಪ ಹುಡುಕ್ತೀರಾ?" ಎಂದಳು, ಕಳೆದ ಮೇಕೆ ಹುಡುಕಿಕೊಡಿ ಎನ್ನುವ ಹಾಗೆ.

ನಿನಿಯನ್ ಕಣ್ಣು ಮುಚ್ಚಿದ. ಬೂಟು ನಡೆಯಿತು, ಮೂರನೆಯ ಸಾಲಿಗೆ ಬಂತು, ನಿಂತಿತು. ಮತ್ತೆ ಹಿಂದಕ್ಕೆ ಹೋಗಿ ಮತ್ತೆ ಬಂತು. ಅವನು ಕಣ್ಣು ತೆರೆದ.

"ಮೂರನೇ ಸಾಲು, ನಾಲ್ಕನೆಯವನು. ಜಾಗ ಖಾಲಿ ಇದೆ ಕಣಮ್ಮ. ಅವನನ್ನ ನಾನೇ ಬಿಟ್ಟುಬಿಟ್ಟೆ."

ಆಮೇಲೆ ಎಲ್ಲವನ್ನೂ ಹೇಳಿದ. ದೊಡ್ಡ ಸೋಲಿನ ನಂತರದ ವರ್ಷ ದಳಕ್ಕೆ ತಿನ್ನಲು ಏನೂ ಇರಲಿಲ್ಲ. ಬೂಟಿನ ತೊಗಲು ಬೇಯಿಸುತ್ತಿದ್ದರು. ಒಂದು ಬೆಳಿಗ್ಗೆ ಆಡಮ್ ಬಂದು, ಕ್ಯಾಪ್ಟನ್, ನದಿಯಾಚೆ ಒಬ್ಬ ರೈತ ಹೆಂಗಸಿನ ಹೊಲವಿದೆ, ಉಳುವವರಿಲ್ಲ, ನನ್ನನ್ನು ಹೋಗಗೊಡಿ ಎಂದನಂತೆ. ಓಡಿಹೋಗುವವನಿಗೆ ನೇಣು. ನಿನಿಯನ್ ಮುಖ ತಿರುಗಿಸಿ ನಿಂತ. ಆಡಮ್ ಎದೆಯೆತ್ತರದ ರೈ ಪೈರಿನೊಳಗೆ ನಡೆದು ಮಂಜಿನಲ್ಲಿ ಕರಗಿದ. ಸಂಜೆ ಕರ್ನಲ್ಲನ ಪಟ್ಟಿಯಲ್ಲಿ ನಿನಿಯನ್ ಅವನನ್ನು ಸತ್ತ ಎಂದು ಬರೆದ.

"ಬೇರೆ ಕ್ಯಾಪ್ಟನ್‌ಗಳು ಸತ್ತೋರ ಸಂಬಳ ಹೊಡೆಯೋಕೆ ಅವರನ್ನ ಪಟ್ಟೀಲಿ ಬದುಕಿಸಿ ಇಡ್ತಿದ್ರು," ಎಂದ. "ಬದುಕಿದ್ದೋನ್ನ ಸಾಯಿಸಿದ ದಡ್ಡ ನಾನೊಬ್ಬನೇ."

ಬೆಥಿಯಾ ಬಟ್ಟೆಯ ತುದಿ ಬಿಡಲಿಲ್ಲ. "ಹೋಗುವಾಗ ತಿರುಗಿ ನೋಡಿದ್ನಾ?"

"ನಾನು ಕಳ್ಳಗಣ್ಣಲ್ಲಿ ನೋಡ್ತಾನೇ ಇದ್ದೆ. ಇಲ್ಲಮ್ಮ."

"ಹಾಗಾದ್ರೆ ನನ್ನ ಪಾಲಿಗೆ ಸತ್ತ." ಬಟ್ಟೆಯ ಮೇಲಿದ್ದ ಇರುವೆಯೊಂದನ್ನು ಊದಿದಳು. "ಆದ್ರೆ ನಿಮ್ಮ ಬಾಯಲ್ಲಿ ಸುಳ್ಳು ಹೇಳಿಸಿ ನಾನು ಮದುವೆ ಆಗಲ್ಲ. ನೀವು ಹೇಳಿದ್ರಲ್ಲ, ಸಾಕು." ತಾನು ತಂದ ಗಿಣ್ಣಿನ ಗಂಟನ್ನು ಹೊಸ್ತಿಲ ಮೇಲಿಟ್ಟು ಇಳಿದು ಹೋದಳು. ಬೆನ್ನು ನೆಟ್ಟಗಿತ್ತು.

ನನಗೆ ಸಿಟ್ಟು ನೆತ್ತಿಗೇರಿತು. ಗಂಡ ಬಿಟ್ಟುಹೋದವಳಿಗೆ ಎಡಿನ್‌ಬರೋದ ನ್ಯಾಯಾಲಯದಲ್ಲಿ ಬಿಡುಗಡೆ ಸಿಗುತ್ತದಂತೆ. ದೊರೆಗಳ ಹೆಣ್ಣುಮಕ್ಕಳಿಗೆ ಸಿಗುತ್ತದೆ, ಗಿರಣಿಯಲ್ಲಿ ಹೊಟ್ಟು ಗುಡಿಸುವವಳಿಗಲ್ಲ. ಎಲ್ಲೋ ಒಬ್ಬಳ ಹೊಲ ಉತ್ತು ಹೊಟ್ಟೆ ಬೆಳೆಸುತ್ತಿರುವ ಒಬ್ಬನಿಗಾಗಿ ಇವಳು ಮುದುಕಿಯಾಗಬೇಕೇ?

"ನಾಳಿದ್ದು ಸಭೆ ಇದೆ. ಹೋಗಿ ಸತ್ತ ಅಂತ ಹೇಳು," ಎಂದೆ.

"ಆಗಲ್ಲ ಅತ್ತಿಗೆ."

"ಯಾಕಾಗಲ್ಲ? ಕರ್ನಲ್ಲನಿಗೆ ಹೇಳಿದೆಯಲ್ಲ, ಪಾದ್ರಿಗೆ ಹೇಳೋಕೇನು ನಿನಗೆ ಬೇನೆ?"

"ಕರ್ನಲ್ಲನಿಗೆ ಬರೆದು ಕೊಟ್ಟೆ. ತಲೆಯೊಳಗೆ ಆಡಮ್‌ನ ಜಾಗ ಖಾಲಿನೇ ಇತ್ತು. ಇಲ್ಲಿ ದೇವರ ಮುಂದೆ ಕೈ ಎತ್ತಿ ಹೇಳಬೇಕು, ಹೇಳೋದಕ್ಕೆ ಅವನನ್ನ ಅಲ್ಲಿ ಮಲಗಿಸಬೇಕು." ಅವನ ದನಿ ತಗ್ಗಿತು. "ಅವರು ಭುಜಕ್ಕೆ ಭುಜ ತಾಗಿಸಿ ನಿಂತಿದ್ದಾರೆ ಅತ್ತಿಗೆ. ಒಬ್ಬನ್ನ ಎಳೆದ್ರೆ ಏನಾಗುತ್ತೋ ನನಗೆ ಗೊತ್ತಿಲ್ಲ. ನನ್ನ ಹತ್ರ ಇರೋದು ಅದೊಂದೇ."

"ಆಹಾ, ದೊಡ್ಡ ಸಾಲು! ಸತ್ತೋರು ಕೆಡ್ತಾರೆ ಅಂತ ಬದುಕಿರೋಳನ್ನ ಕೊಲ್ಲು."

ಎರಡು ದಿನ ಬಿಡದೆ ಕುಟುಕಿದೆ. ಗಂಜಿ ಹಾಕುವಾಗ ಕುಟುಕಿದೆ, ಅವನ ಬೂಟು ಒರೆಸುವಾಗ ಕುಟುಕಿದೆ. ಮಾತಿನಲ್ಲಿ ನಾನು ಯಾರಿಗೂ ಸೋತವಳಲ್ಲ. ಎರಡನೆಯ ದಿನ ಅವನು ಒಂದೇ ಒಂದು ಸಲ ನನ್ನ ಮುಖ ನೋಡಿ, "ಅದಕ್ಕೆ ಮೊದಲು ನೀವು ಏನಾದ್ರೂ ಕೇಳೋದಿದ್ಯಾ ಅತ್ತಿಗೆ?" ಎಂದ. ಏನು ಕೇಳುತ್ತಿದ್ದಾನೆ ಎಂದು ನನಗೆ ಚೆನ್ನಾಗಿ ಅರ್ಥವಾಯಿತು. ಇನ್ನೂ ಒಂದು ಚಳಿಗಾಲ ಹ್ಯೂಗೆ ಒಣ ಕಾಲುಚೀಲ ಬೇಡಬೇಕು ಅನ್ನಿಸಿತು. "ಏನೂ ಇಲ್ಲ," ಎಂದೆ.

ಭಾನುವಾರ ಪ್ರವಚನ ಮುಗಿದ ಮೇಲೆ ಹಿರಿಯರು ಬೆಂಚಿನ ಮೇಲೆ ಕೂತರು. ನಾನು ಹಿಂದೆ ಕೂತಿದ್ದೆ. ನಿನಿಯನ್ ಕರೆಯದೆಯೇ ಎದ್ದು ನಿಂತಾಗ ಆಚೆ ಬದಿಯಲ್ಲಿದ್ದ ಬೆಥಿಯಾ ಬೇಡವೆಂದು ತಲೆಯಾಡಿಸಿದಳು. ಅವನು ನೋಡಲಿಲ್ಲ. ಬಲಗೈ ಎತ್ತಿ ಕಣ್ಣು ಮುಚ್ಚಿದ.

"ಆಡಮ್ ಸೂಟರ್ ಸತ್ತದ್ದನ್ನು ಕಂಡಿರಾ?" ಎಂದ ಪಾದ್ರಿ ಡುರೀ.

"ಕಂಡೆ."

"ಎಲ್ಲಿ?"

"ರೈ ಹೊಲದಲ್ಲಿ. ಬೆಳಗಿನ ಹೊತ್ತು. ಮಂಜಿತ್ತು."

"ಗಾಯ?"

"ಗಾಯ ಇರ್ಲಿಲ್ಲ. ಹಸಿದಿದ್ದ." ಅವನ ಬೂಟು ಹೆಜ್ಜೆ ಹಾಕುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಹಾಕುತ್ತಿತ್ತು. "ಪೈರು ಎದೆ ಮಟ್ಟ ಇತ್ತು. ಅದರೊಳಗೆ ಹೋದ. ನಾನು ನೋಡ್ತಾನೇ ಇದ್ದೆ. ಮತ್ತೆ ಏಳಲಿಲ್ಲ."

ಮೊದಲ 'ಕಂಡೆ'ಯನ್ನೂ ಕೊನೆಯ ಮಾತನ್ನೂ ಬಿಟ್ಟರೆ ಉಳಿದದ್ದೆಲ್ಲ ನಿಜ. ಆ ಕೊನೆಯ ಮಾತು ಹೇಳುವಾಗ ಅವನು ಮುಗ್ಗರಿಸಿದವನಂತೆ ಮುಂದಿನ ಬೆಂಚು ಹಿಡಿದುಕೊಂಡ. ಪಾದ್ರಿ ಬರೆದುಕೊಳ್ಳಲು ಹೇಳಿದ. ಬೆಥಿಯಾ ಮುಖ ಮುಚ್ಚಿಕೊಂಡಳು. ಅತ್ತದ್ದು ಆಡಮ್‌ಗಾಗಿಯೋ ನಿನಿಯನ್ನನಿಗಾಗಿಯೋ ನಾನು ಇವತ್ತಿನವರೆಗೂ ಕೇಳಿಲ್ಲ.

ಚರ್ಚಿನಲ್ಲಿ ಮೂರು ಭಾನುವಾರ ವಧೂವರರ ಹೆಸರು ಘೋಷಣೆಯಾಗಿ ಮದುವೆ ನಡೆಯಿತು. ಗಿರಣಿಯಲ್ಲಿ ಪಿಟೀಲು ಬಾರಿಸಿದರು, ಬಾರ್ಲಿ ಮದ್ಯ ಹರಿಯಿತು. ಆರ್ಚಿಯ ತಲೆಗೂದಲಿನಿಂದ ಹಿಟ್ಟು ಅವತ್ತೂ ಪೂರ್ತಿ ಹೋಗಿರಲಿಲ್ಲ. ನಾನೇ ಗೆದ್ದೆ ಎಂಬ ಹಮ್ಮಿನಲ್ಲಿ ನನ್ನ ವಯಸ್ಸು ಮರೆತು ಕುಣಿದೆ.

ಮದುವೆಯ ಮರುವಾರ ಆಚೆ ಹಳ್ಳಿಯಿಂದ ಇನ್ನೊಬ್ಬಳು ಬಂದಳು. ನಿನಿಯನ್ ಹೊಸ್ತಿಲ ಮೇಲೆ ಕೂತು ಕಣ್ಣು ಮುಚ್ಚಿದ. ಬೂಟು ಎರಡು ಹೆಜ್ಜೆ ಹಾಕಿ ನಿಂತುಬಿಟ್ಟಿತು. ಅವನ ಮುಖದಲ್ಲಿ ಒಂದು ನಗು ಹರಡಿತು, ನಿದ್ದೆಯಲ್ಲಿ ಮಗು ನಗುವಂಥದ್ದು.

"ನಿಂತಿದ್ದಾನೆ ತಾಯಿ. ಚೆನ್ನಾಗಿದ್ದಾನೆ."

"ಏನು ಹಾಗಂದ್ರೆ? ಬದುಕಿದ್ದಾನಾ?" ಅವಳ ಮುಖ ಬಿಳುಚಿತು.

"ಎಲ್ಲರೂ ಎದ್ದುಬಿಟ್ಟಿದ್ದಾರೆ," ಎಂದ. "ಜ್ವರದೋರು, ಗುಂಡೇಟು ತಿಂದೋರು, ಎಲ್ಲರೂ. ಆಡಮ್ ಒಬ್ಬನೇ ಮಲಗಿರೋದು." ಕಣ್ಣು ತೆರೆದು ನನ್ನ ಕಡೆ ನೋಡಿದ. ನಗು ಹೋಗಿ ಭಯ ಬಂದಿತ್ತು. "ಯಾರು ಎಲ್ಲಿ ಬಿದ್ದಿದ್ರು ಅಂತ ನನಗೀಗ ಗೊತ್ತಾಗ್ತಿಲ್ಲ ಅತ್ತಿಗೆ."

ಆ ಹೆಂಗಸನ್ನು ಏನೋ ಹೇಳಿ ಸಾಗಹಾಕಿದೆ. ಪಾಪದವಳು, ಅವಳ ಬದುಕು ಅಲ್ಲೇ ನಿಂತಿತು. ಇಂದಿಗೂ ಅವಳು ವಿಧವೆಯೂ ಅಲ್ಲ, ಹೆಂಡತಿಯೂ ಅಲ್ಲ. ಅದು ನನ್ನ ತಲೆಯ ಮೇಲೆಯೇ ಇದೆ. ಆದರೆ ಅಂದು ಅವಳ ಯೋಚನೆ ನನಗಿರಲಿಲ್ಲ. ಅವಳು ಬೇಲಿ ದಾಟುತ್ತಲೂ ನಾನು ಅವನ ಎದುರು ಮಂಡಿಯೂರಿ ಅವನ ಎರಡೂ ಕೈ ಹಿಡಿದೆ. ಆರು ವರ್ಷ ಒಂದೇ ಸೂರಿನ ಕೆಳಗಿದ್ದು ಕೇಳದ್ದನ್ನು ಕೇಳಿದೆ.

"ನಿನಿಯನ್, ನನ್ನ ಹ್ಯೂ ಎಲ್ಲಿ?"

ಅವನು ಕಣ್ಣು ಮುಚ್ಚಿದ. ದೂರ ನಡೆಯಬೇಕಾಗಿರಲಿಲ್ಲ. "ಮೊದಲ ಸಾಲು, ಮೊದಲನೆಯವನು. ನಿಂತಿದ್ದಾನೆ ಅತ್ತಿಗೆ."

"ಹೋದ ತಿಂಗಳು ಎಲ್ಲಿದ್ದ? ಸಭೆಗೆ ಮುಂಚೆ? ಮಲಗಿದ್ನಾ? ಬೆನ್ನು ತೋರಿಸಿದ್ನಾ?"

ಬಹಳ ಹೊತ್ತು ಹುಡುಕಿದ. ಮುಚ್ಚಿದ ರೆಪ್ಪೆಯ ಕೆಳಗಿಂದ ನೀರು ಇಳಿಯಿತು. "ಕೇಳಿ ಅಂದೆ. ನೀವು ಕೇಳಲಿಲ್ಲ," ಎಂದ. ಅದರಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಅವನನ್ನು ಬಯ್ಯಲು ನನಗೆ ಬಾಯಿರಲಿಲ್ಲ. ಅಂಗಳದಲ್ಲಿ ಬಿಸಿಲಿತ್ತು, ಬಟ್ಟೆಗಳು ಹುಲ್ಲಿನ ಮೇಲೆ ಬೆಳ್ಳಗೆ ಬಿದ್ದಿದ್ದವು. ಗೊತ್ತಾಗದಿದ್ದರೆ ಬೇಡ, ಕಾಣುವುದನ್ನಾದರೂ ಕೇಳೋಣ ಎನ್ನಿಸಿತು. ತಾಯಿಗೆ ಅಷ್ಟಾದರೂ ಬೇಕಲ್ಲ.

"ಹೋಗ್ಲಿ ಬಿಡು. ನಿಂತಿದ್ದಾನಲ್ಲ, ಹೇಗೆ ಕಾಣ್ತಾನೆ ಹೇಳು. ಸೊರಗಿದ್ದಾನಾ?"

ಅವನ ಮುಖ ಮತ್ತೆ ಅರಳಿತು. "ಇಲ್ಲ ಅತ್ತಿಗೆ, ಇಲ್ಲಿಂದ ಹೊರಟ ಹಾಗೇ ಇದ್ದಾನೆ. ಕೆನ್ನೆ ಹಾಗೇ ಕೆಂಪಗಿದೆ. ನೀವು ಹೊಲಿದ ಕೋಟು, ತೋಳಿನ ಹೊಲಿಗೆ ಕೂಡ ಬಿಚ್ಚಿಲ್ಲ. ಮೀಸೆ ಇನ್ನೂ ಬಂದಿಲ್ಲ, ನೋಡಿ, ಮಗು."

ನಾನು ಅವನ ಕೈ ಬಿಡಲಿಲ್ಲ. ಲಯಲ್ ಮನೆಯ ಗಂಡಸರಿಗೆ ಹತ್ತೊಂಬತ್ತಕ್ಕೇ ಗಡ್ಡ ತುಂಬುತ್ತದೆ. ಬೇರೆ ದಳಗಳಿಗೆ ಹೋದವರು ಹೋದದ್ದು ಮೂರನೆಯ ವರ್ಷ ಕಳೆದ ಮೇಲೆ. ನಾನು ಹೊಲಿದ ಕೋಟು ಒಂದು ಚಳಿಗಾಲಕ್ಕಿಂತ ಹೆಚ್ಚು ಬಾಳುವಂಥದ್ದಾಗಿರಲಿಲ್ಲ. ನಿನಿಯನ್ ನನ್ನ ಮಗನ ಮುಖವನ್ನು ಮೊದಲ ಬೇಸಿಗೆ ದಾಟಿ ನೋಡಿಯೇ ಇರಲಿಲ್ಲ.

ಅವನಿಗೆ ತಾನೇನು ಹೇಳಿದೆ ಎಂಬುದು ತಿಳಿಯಲಿಲ್ಲ. ಕಣ್ಣು ಮುಚ್ಚಿಕೊಂಡೇ ನಗುತ್ತ ಕೂತಿದ್ದ. ನಾನು ಎದ್ದು ಹುಲ್ಲಿನ ಮೇಲಿನ ಬಟ್ಟೆಗಳನ್ನು ಮಡಿಚಿ ಒಳಗೆ ತಂದೆ, ಓಟ್ ರೊಟ್ಟಿ ಸುಟ್ಟೆ, ಇಬ್ಬರೂ ಉಂಡೆವು. ಊಟವಾದ ಮೇಲೆ ಎಂದಿನಂತೆ ಮಂಡಿಯೂರಿದೆವು. ರಾಜನಿಗಾಗಿ ಬೇಡಿದೆ, ಪೈರಿಗಾಗಿ ಬೇಡಿದೆ, ಬೆಥಿಯಾಳ ಹೊಸ ಮನೆಗಾಗಿ ಬೇಡಿದೆ, ನಿನಿಯನ್ನನ ಕುಂಟು ಕಾಲಿಗಾಗಿ ಬೇಡಿದೆ. ಮುಂದಿನ ಹೆಸರಿಗಾಗಿ ಅವನು ತಲೆ ಬಗ್ಗಿಸಿ ಕಾಯುತ್ತಿದ್ದ. ನಾನು ಆಮೆನ್ ಎಂದು ಎದ್ದೆ.